ಆಡಿದವರು ಕಟ್ಟಿದ ಊರು ಯಾರದು?

2014ರ ಆಗಸ್ಟ್ 21ರಂದು ಮೈನ್‌ಕ್ರಾಫ್ಟ್ ಆಟದ ಲೋಕದಲ್ಲಿ ಒಂದು ವಿಚಿತ್ರ ಪ್ರಸಂಗ ನಡೆಯಿತು. ಬುಕಿಟ್ ಎಂಬ ಸ್ವಯಂಸೇವಕರ ಯೋಜನೆಯ ಮುಂದಾಳು, ಇನ್ನು ನಮ್ಮ ಕೈಲಾಗದು, ಕೆಲಸ ನಿಲ್ಲಿಸುತ್ತಿದ್ದೇವೆ ಎಂದು ಪ್ರಕಟಿಸಿದರು. ಪ್ರಪಂಚದಾದ್ಯಂತ ಹುಡುಗರು ತಮ್ಮ ಗೆಳೆಯರ ಜೊತೆ ಆಡಲು ನಡೆಸುತ್ತಿದ್ದ ಸಾವಿರಾರು ಸರ್ವರ್‌ಗಳು ಈ ಬುಕಿಟ್ ಮೇಲೆಯೇ ನಿಂತಿದ್ದವು. ಸುದ್ದಿ ಹಬ್ಬುತ್ತಿದ್ದಂತೆ ಆಟದ ತಯಾರಕರಾದ ಸ್ವೀಡನ್ನಿನ ಮೊಜಾಂಗ್ ಕಂಪನಿಯಿಂದ ಇನ್ನೊಂದು ಮಾತು ಹೊರಬಿತ್ತು. ಬುಕಿಟ್ಟನ್ನು ಮುಚ್ಚುವ ಅಧಿಕಾರ ಅವರಿಗಿಲ್ಲ, ಅದು ಎರಡು ವರ್ಷದಿಂದ ನಮ್ಮ ಸ್ವತ್ತು ಎಂದಿತು ಕಂಪನಿ. ಆ ಎರಡು ವರ್ಷ ಸಂಜೆ, ರಾತ್ರಿ, ರಜಾದಿನಗಳಲ್ಲಿ ಕೂತು ಪುಕ್ಕಟೆಯಾಗಿ ಕೋಡು ಬರೆದುಕೊಟ್ಟವರಲ್ಲಿ ಹೆಚ್ಚಿನವರಿಗೆ ಈ ವಿಷಯ ತಿಳಿದದ್ದು ಆವತ್ತೇ.

ಕತೆಯ ಉಳಿದ ಭಾಗಕ್ಕೆ ಕೊನೆಯಲ್ಲಿ ಬರುತ್ತೇನೆ. ಅದು ಎಷ್ಟೇ ಹೊಸದಾಗಿ ಕಂಡರೂ ಅದರ ಬೇರು ಸುಮಾರು ನಲವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಹಲವರು ಸೇರಿ ಒಂದು ಆಟದ ಲೋಕವನ್ನು ಕಟ್ಟುತ್ತಾರೆ. ಯಾರಿಗೂ ಸಂಬಳವಿಲ್ಲ. ಬಾಗಿಲು ಕಾಯುವವರು, ಹೊಸಬರಿಗೆ ದಾರಿ ತೋರಿಸುವವರು, ಕೋಣೆ ಕಟ್ಟುವವರು, ಜಗಳ ಬಿಡಿಸುವವರು, ಎಲ್ಲರೂ ಆಟಗಾರರೇ. ಒಂದು ದಿನ ಯಾವುದೋ ಕಾರಣಕ್ಕೆ 'ಇದು ಯಾರದು?' ಎಂಬ ಪ್ರಶ್ನೆ ಬರುತ್ತದೆ. ಆಗ ನೋಡಿದರೆ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಉತ್ತರ. ಯಂತ್ರ ಒಬ್ಬರದು, ಕೋಡು ಇನ್ನೊಬ್ಬರದು, ಆ ಲೋಕದ ಕೋಣೆಗಳೂ ಕತೆಗಳೂ ಮತ್ತೆ ಹಲವರವು, ಹೆಸರು ಯಾರದೆಂದು ಯಾರಿಗೂ ಗೊತ್ತಿಲ್ಲ. ಆನ್‌ಲೈನ್ ಆಟಗಳ ಇತಿಹಾಸವನ್ನು ಗ್ರಾಫಿಕ್ಸ್ ಹೇಗೆ ಸುಧಾರಿಸಿತು ಎಂಬ ಕತೆಯಾಗಿ ಹೇಳುವುದೇ ಹೆಚ್ಚು. ಈ ಒಡೆತನದ ಪ್ರಶ್ನೆಯನ್ನು ಹಿಡಿದು ಹೊರಟರೆ ಅದೇ ಇತಿಹಾಸ ಬೇರೆಯಾಗಿ ಕಾಣುತ್ತದೆ.

ನಡುರಾತ್ರಿಯ ಯಂತ್ರ

1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಅಲ್ಲಿನ ಪಿಡಿಪಿ-10 ಕಂಪ್ಯೂಟರಿನಲ್ಲಿ ಒಂದು ಆಟ ಬರೆಯತೊಡಗಿದ. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. 'ನೀನು ಒಂದು ಇಕ್ಕಟ್ಟಾದ ದಾರಿಯಲ್ಲಿದ್ದೀಯ' ಎನ್ನುವಂಥ ವಿವರಣೆ ಪರದೆಯ ಮೇಲೆ ಬರುತ್ತದೆ. ಉತ್ತರಕ್ಕೆ ಹೋಗು, ಕತ್ತಿ ತೆಗೆದುಕೋ ಎಂದು ಆಟಗಾರ ಟೈಪ್ ಮಾಡಬೇಕು. ಅಂಥ ಆಟಗಳು ಅದಕ್ಕೆ ಮೊದಲೂ ಇದ್ದವು. ಹೊಸದೇನೆಂದರೆ, ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬ ಮನುಷ್ಯ ನಿಂತಿರಬಹುದಿತ್ತು. ಟ್ರಬ್‌ಶಾ ಅದಕ್ಕೆ ಮಲ್ಟಿ ಯೂಸರ್ ಡಂಜನ್ ಎಂದು ಹೆಸರಿಟ್ಟ, ಚಿಕ್ಕದಾಗಿ ಮಡ್. ಆತ ವಿಶ್ವವಿದ್ಯಾಲಯ ಬಿಟ್ಟಾಗ ಆಟವನ್ನು ವಹಿಸಿಕೊಂಡು ಬೆಳೆಸಿದವನು ಗೆಳೆಯ ರಿಚರ್ಡ್ ಬಾರ್ಟಲ್.

ಯಂತ್ರ ವಿಶ್ವವಿದ್ಯಾಲಯದ್ದು. ಹಗಲು ಅದಕ್ಕೆ ಬೇರೆ ಕೆಲಸವಿತ್ತು. ಹೊರಗಿನವರಿಗೆ ಆಡಲು ಸಿಗುತ್ತಿದ್ದುದು ನಡುರಾತ್ರಿ ಕಳೆದ ಮೇಲೆ, ಬೆಳಗಾಗುವ ಮುನ್ನ. ಅಂದರೆ ಮೊದಲ ಆನ್‌ಲೈನ್ ಲೋಕ ನಿಂತದ್ದೇ ಬೇರೊಬ್ಬರ ಯಂತ್ರದ ಮೇಲೆ, ಅವರು ಮಲಗಿರುವ ಹೊತ್ತಿನಲ್ಲಿ. ಈ ಸ್ಥಿತಿ ಮುಂದಿನ ಹದಿನೈದು ವರ್ಷ ಬದಲಾಗಲಿಲ್ಲ. ವಿದ್ಯಾರ್ಥಿಗಳು ಕಾಲೇಜಿನ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಆಟವಿಡುವುದು, ಆಡಳಿತದವರ ಕಣ್ಣಿಗೆ ಬಿದ್ದರೆ ರಾತ್ರೋರಾತ್ರಿ ಇಡೀ ಲೋಕ ಮಾಯವಾಗುವುದು ಮಡ್‌ಗಳ ದಿನನಿತ್ಯದ ಕತೆ.

ಆ ಆಟದ ಒಂದು ನಿಯಮವನ್ನು ಗಮನಿಸಬೇಕು. 1,02,400 ಅಂಕ ಗಳಿಸಿದವರು ವಿಜರ್ಡ್ ಆಗುತ್ತಿದ್ದರು. ಆದಮೇಲೆ ಅವರಿಗೆ ಸಾವಿಲ್ಲ. ಯಾರನ್ನು ಬೇಕಾದರೂ ನೋಡಬಹುದು, ಎಲ್ಲಿಗೆ ಬೇಕಾದರೂ ಹೋಗಬಹುದು, ಪುಂಡಾಟ ಮಾಡಿದವರನ್ನು ಹೊರಹಾಕಬಹುದು. ಆಟ ಗೆದ್ದವನಿಗೆ ಸಿಗುವ ಬಹುಮಾನ ಆಟದ ಆಡಳಿತ! ಮೇಲ್ನೋಟಕ್ಕೆ ತಮಾಷೆ. ಆದರೆ ಸಂಬಳ ಕೊಡಲಾಗದ ಜಾಗದಲ್ಲಿ ಕೆಲಸ ಮಾಡುವವರನ್ನು ಹುಡುಕಲು ಇದಕ್ಕಿಂತ ಒಳ್ಳೆಯ ದಾರಿಯೂ ಇರಲಿಲ್ಲ. ಬಹಳ ಹೊತ್ತು ಆಡಿದವನಿಗೆ ಆ ಲೋಕದ ಮೇಲೆ ಅಕ್ಕರೆ ಇರುತ್ತದೆ, ಅಕ್ಕರೆ ಇದ್ದವನು ನೋಡಿಕೊಳ್ಳುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು. ಅಕ್ಕರೆಯನ್ನೂ ಹಕ್ಕನ್ನೂ ಬೇರೆ ಮಾಡಿ ನೋಡುವ ಅಗತ್ಯ ಆಗ ಯಾರಿಗೂ ಕಂಡಿರಲಿಲ್ಲ.

ಅಗೆಯುವ ಹಕ್ಕು

1987ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಓದುತ್ತಿದ್ದ ಅಲನ್ ಕಾಕ್ಸ್ ತನ್ನದೊಂದು ಮಡ್ ಬರೆದ. ಮುಂದೆ ಲಿನಕ್ಸ್ ಕಟ್ಟಿದವರ ಸಾಲಿನಲ್ಲಿ ದೊಡ್ಡ ಹೆಸರು ಮಾಡಿದ್ದು ಇದೇ ಕಾಕ್ಸ್. ಆ ಅಬರ್‌ಮಡ್‌ನ ಸಿ ಭಾಷೆಯ ಆವೃತ್ತಿ ಯುನಿಕ್ಸ್ ಇದ್ದ ಕಡೆಗೆಲ್ಲ ಹರಡಿತು. ಕೋಡು ಕೈಗೆ ಸಿಕ್ಕಿದ ಮೇಲೆ ಸುಮ್ಮನೆ ಆಡಿ ತೃಪ್ತರಾಗುವವರು ಕಡಿಮೆ. ಕೆಲವೇ ವರ್ಷಗಳಲ್ಲಿ ಮೂರು ದಿಕ್ಕಿನಲ್ಲಿ ಹೊಸ ಕವಲುಗಳು ಒಡೆದವು.

1989ರ ಆಗಸ್ಟಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನೆಸ್ ಟೈನಿಮಡ್ ತೆರೆದರು. ಅಲ್ಲಿ ಕೊಲ್ಲಬೇಕಾದ ರಾಕ್ಷಸರಿಲ್ಲ, ಗಳಿಸಬೇಕಾದ ಪದವಿಯಿಲ್ಲ. ಬದಲಿಗೆ ಬಂದ ಯಾರೇ ಆಗಲಿ 'ಡಿಗ್' ಎಂಬ ಆಜ್ಞೆ ಕೊಟ್ಟು ತನ್ನದೊಂದು ಕೋಣೆ ಅಗೆಯಬಹುದಿತ್ತು. ಅಲೆದಾಡುವಾಗ ಸಿಗುವ ಕಾಸು ಕೂಡಿಸಿಕೊಂಡು ಕೋಣೆ ಕಟ್ಟುವುದು, ಅದಕ್ಕೊಂದು ವರ್ಣನೆ ಬರೆಯುವುದು, ಬಾಗಿಲನ್ನು ಗೆಳೆಯನ ಕೋಣೆಗೆ ಜೋಡಿಸುವುದು. ಪ್ರತಿ ಕೋಣೆಗೂ ವಸ್ತುವಿಗೂ ಒಬ್ಬ ಒಡೆಯನಿದ್ದಾನೆ ಎಂಬುದು ಡೇಟಾಬೇಸಿನಲ್ಲೇ ದಾಖಲಾಗುತ್ತಿತ್ತು. ಜನ ಮುಗಿಬಿದ್ದು ಕಟ್ಟಿದರು. ನಕ್ಷೆ ಯಾರ ಊಹೆಗೂ ಸಿಗದಷ್ಟು ಬೆಳೆಯಿತು. ವರ್ಷ ತುಂಬುವ ಮೊದಲೇ ಆ ಮೊದಲ ಟೈನಿಮಡ್ ಮುಚ್ಚಿತು. ಡೇಟಾಬೇಸಿನಲ್ಲಿ ಒಡೆಯರೆಂದು ಬರೆಸಿಕೊಂಡವರಿಗೆಲ್ಲ ಆ ಒಡೆತನ ಸರ್ವರ್ ಓಡುತ್ತಿರುವವರೆಗೆ ಮಾತ್ರ ಎಂಬುದು ಆಗ ಅರ್ಥವಾಯಿತು.

ಅದೇ ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಲಾರ್ಸ್ ಪೆನ್ಶೋ ಇನ್ನೊಂದು ದಾರಿ ಹಿಡಿದರು. ಅವರ ಎಲ್‌ಪಿಮಡ್‌ನಲ್ಲಿ ಯಂತ್ರವನ್ನು ನಡೆಸುವ ಭಾಗ ಬೇರೆ, ಲೋಕವನ್ನು ವರ್ಣಿಸುವ ಭಾಗ ಬೇರೆ. ಎರಡನೆಯದಕ್ಕೆ ಎಲ್‌ಪಿಸಿ ಎಂಬ ಪುಟ್ಟ ಭಾಷೆಯನ್ನೇ ರೂಪಿಸಿದರು. ತಾನು ಒಳ್ಳೆಯ ಪ್ರೋಗ್ರಾಮರ್ ಆಗಿರಬಹುದು, ಆದರೆ ಲೋಕ ಕಟ್ಟುವ ಕಲ್ಪನೆ ಆಟಗಾರರಿಗೇ ಹೆಚ್ಚು ಎಂಬುದು ಅವರ ಲೆಕ್ಕ. ಆಟ ಮುಗಿಸಿದ ಆಟಗಾರ ವಿಜರ್ಡ್ ಆಗಿ ತನ್ನ ಸೀಮೆಯನ್ನು ತಾನೇ ಬರೆಯಬಹುದು. ಆಡುತ್ತಾ ಆಡುತ್ತಾ ಪ್ರೋಗ್ರಾಮಿಂಗ್ ಕಲಿತ ಒಂದು ತಲೆಮಾರೇ ಇಲ್ಲಿಂದ ಹೊರಟಿತು. ಮೊದಲ ಎಲ್‌ಪಿಮಡ್ ಆದ ಜೆನೆಸಿಸ್ ಕೈಯಿಂದ ಕೈಗೆ ದಾಟುತ್ತಾ ಹಲವು ದಶಕ ಬಾಳಿದೆ.

ಮತಪೆಟ್ಟಿಗೆ ಇಟ್ಟ ಆಟ

ಆಟಗಾರರ ಒಡೆತನ ಎಷ್ಟು ದೂರ ಹೋಗಬಹುದು ಎಂಬುದರ ದೊಡ್ಡ ಪ್ರಯೋಗ ನಡೆದದ್ದು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಪಾವೆಲ್ ಕರ್ಟಿಸ್ 1990ರಲ್ಲಿ ಲ್ಯಾಂಬ್ಡಾಮೂ ಎಂಬ ಲೋಕ ತೆರೆದರು. ತಮ್ಮ ಸ್ವಂತ ಮನೆಯ ನಕ್ಷೆಯನ್ನೇ ಅದರ ನಡುಮನೆಯಾಗಿಟ್ಟರು. ಬಂದವರು ಆ ಮನೆಗೆ ಕೋಣೆ, ತೋಟ, ಸುರಂಗ ಎಂದು ಸೇರಿಸುತ್ತಾ ಹೋದರು. ಇಲ್ಲಿ ಕೋಣೆ ಮಾತ್ರವಲ್ಲ, ಅದರೊಳಗಿನ ವಸ್ತುಗಳ ನಡವಳಿಕೆಯನ್ನೂ ಆಟಗಾರರೇ ಪ್ರೋಗ್ರಾಂ ಮಾಡಬಹುದಿತ್ತು.

ಯಂತ್ರದ ಜಾಗ ಸೀಮಿತ. ಒಬ್ಬೊಬ್ಬರಿಗೆ ಎಷ್ಟು ಜಾಗ ಕೊಡಬೇಕು? ಯಾರ ಕಟ್ಟಡ ಲೋಕಕ್ಕೆ ಬೇಕಾದದ್ದು, ಯಾರದು ಬರೀ ಕಸ? ಇದನ್ನು ತೀರ್ಮಾನಿಸಲು ಆಟಗಾರರದೇ ಒಂದು ಸಮಿತಿ ಬಂತು. ನಿವೇಶನ ಹಂಚುವ ಸಮಿತಿ ಎಂದಮೇಲೆ ಜಗಳಗಳೂ ಬಂದವು. ಪ್ರತಿಯೊಂದೂ ಕೊನೆಗೆ ವಿಜರ್ಡ್‌ಗಳ ಬಾಗಿಲಿಗೆ. ಬೇಸತ್ತ ಕರ್ಟಿಸ್ 1992ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮುಂದೆ ವಿಜರ್ಡ್‌ಗಳು ತಾಂತ್ರಿಕ ಕೆಲಸವಷ್ಟೇ ಮಾಡುತ್ತಾರೆ, ಸಮಾಜದ ವಿಚಾರಗಳನ್ನು ಸಮಾಜವೇ ನೋಡಿಕೊಳ್ಳಲಿ ಎಂಬುದು ಅದರ ಸಾರ.

ಮೂರೇ ತಿಂಗಳಲ್ಲಿ ಪರೀಕ್ಷೆ ಎದುರಾಯಿತು. 1993ರ ಮಾರ್ಚಿನಲ್ಲಿ ಮಿಸ್ಟರ್ ಬಂಗಲ್ ಎಂಬ ಪಾತ್ರ, ಬೇರೆಯವರ ಪಾತ್ರಗಳು ತಾವೇ ಮಾಡಿದಂತೆ ಕಾಣಿಸುವ ಒಂದು ಪ್ರೋಗ್ರಾಂ ಬಳಸಿ, ಜನ ತುಂಬಿದ ನಡುಮನೆಯಲ್ಲಿ ಹಲವರ ಮೇಲೆ ಲೈಂಗಿಕ ದೌರ್ಜನ್ಯದ ವರ್ಣನೆಗಳನ್ನು ಹೇರಿತು. ಅಕ್ಷರಗಳೇ ಆದರೂ ಅದನ್ನು ಅನುಭವಿಸಿದವರಿಗೆ ಅದು ಬರೀ ಅಕ್ಷರವಾಗಿರಲಿಲ್ಲ. ಸಭೆ ಸೇರಿತು. ಗಂಟೆಗಟ್ಟಲೆ ಚರ್ಚೆ. ಈತನನ್ನು ಹೊರಹಾಕುವ ಅಧಿಕಾರ ಯಾರಿಗಿದೆ? ವಿಜರ್ಡ್‌ಗಳು ಕೈಬಿಟ್ಟಾಗಿದೆ, ಜನರಿಗೆ ನಿಯಮವಿಲ್ಲ. ತೀರ್ಮಾನವಿಲ್ಲದೆ ಸಭೆ ಚದುರಿತು. ಅದೇ ರಾತ್ರಿ ಒಬ್ಬ ವಿಜರ್ಡ್ ಯಾರನ್ನೂ ಕೇಳದೆ ಆ ಪಾತ್ರವನ್ನು ಅಳಿಸಿಹಾಕಿದ. ಪತ್ರಕರ್ತ ಜೂಲಿಯನ್ ಡಿಬೆಲ್ ಅದೇ ವರ್ಷ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಈ ಘಟನೆಯ ಬಗ್ಗೆ ಬರೆದ ಲೇಖನ ಇಂದಿಗೂ ಇಂಟರ್ನೆಟ್ ಸಮಾಜದ ಬಗ್ಗೆ ಓದುವವರಿಗೆ ಪಾಠವಾಗಿದೆ.

ಘಟನೆಯ ಮರಳಿಕೆಯಲ್ಲಿ ಕರ್ಟಿಸ್ ಒಂದು ವ್ಯವಸ್ಥೆ ಕಟ್ಟಿದರು. ಯಾವ ಆಟಗಾರನಾದರೂ ಅರ್ಜಿ ಬರೆಯಬಹುದು. ಸಾಕಷ್ಟು ಸಹಿ ಬಿದ್ದರೆ ವಿಜರ್ಡ್‌ಗಳು ಅದು ಕಾರ್ಯಸಾಧ್ಯವೇ ಎಂದಷ್ಟೇ ನೋಡಿ ಮತಕ್ಕೆ ಹಾಕುತ್ತಾರೆ. ವಿರೋಧದ ಎರಡರಷ್ಟು ಪರವಾಗಿ ಮತ ಬಂದರೆ ಅದು ಕಾನೂನು. ಒಂದು ಆಟದೊಳಗೆ ಶಾಸನಸಭೆ! ಕೆಲವು ವರ್ಷ ಇದು ನಡೆಯಿತು. ಆದರೆ 1996ರ ಮೇ ತಿಂಗಳಲ್ಲಿ ವಿಜರ್ಡ್‌ಗಳು ಮತ್ತೊಂದು ಪ್ರಕಟಣೆ ಹೊರಡಿಸಿ, ತಾಂತ್ರಿಕ ನಿರ್ಧಾರ ಬೇರೆ, ಸಾಮಾಜಿಕ ನಿರ್ಧಾರ ಬೇರೆ ಎಂದು ಗೆರೆ ಎಳೆಯುವುದು ಸಾಧ್ಯವೇ ಇಲ್ಲ, ನಾವೇ ಮತ್ತೆ ನಿರ್ಧಾರಗಳನ್ನು ತೆಗೆದುಕೊಳ್ಳುತ್ತೇವೆ ಎಂದರು.

ಇದನ್ನು ಪ್ರಜಾಪ್ರಭುತ್ವದ ಸೋಲು ಎಂದು ಓದುವವರಿದ್ದಾರೆ. ನನಗೆ ಕಾಣುವುದು ಬೇರೆ. ಮತದ ಹಕ್ಕು ಆಟಗಾರರಲ್ಲಿತ್ತು; ಸರ್ವರಿನ ಬೀಗದಕೈ, ಅದರ ಕರೆಂಟು, ಅದರ ಮೇಲೆ ಕೇಸು ಬಿದ್ದರೆ ಕೋರ್ಟಿಗೆ ಹೋಗುವ ಹೊಣೆ ಇವೆಲ್ಲ ಬೇರೆಯವರ ಬಳಿ ಇದ್ದವು. ಹೊಣೆ ಹೊರುವವನಿಗೆ ಅಧಿಕಾರವಿಲ್ಲ, ಅಧಿಕಾರ ಇದ್ದವನಿಗೆ ಹೊಣೆಯಿಲ್ಲ ಎಂಬ ಏರ್ಪಾಡು ಎಷ್ಟು ದಿನ ನಿಂತೀತು?

ಡೆನ್ಮಾರ್ಕಿನ ಐವರು

ಮೂರನೆಯ ಕವಲು ಎಲ್ಲಕ್ಕಿಂತ ಹೆಚ್ಚು ಹರಡಿದ್ದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದ ಹೆಸರಿನ ಮೊದಲಕ್ಷರಗಳನ್ನು ಡೇನಿಷ್ ಭಾಷೆಯಲ್ಲಿ ಕೂಡಿಸಿದರೆ ಡಿಕು. ಅಲ್ಲಿನ ಐವರು ವಿದ್ಯಾರ್ಥಿಗಳಾದ ಸೆಬಾಸ್ಟಿಯನ್ ಹ್ಯಾಮರ್, ಟಾಮ್ ಮ್ಯಾಡ್ಸನ್, ಕಾತ್ಯಾ ನ್ಯುಬೋ, ಮೈಕೆಲ್ ಸೈಫರ್ಟ್, ಹಾನ್ಸ್ ಹೆನ್ರಿಕ್ ಸ್ಟಾರ್‌ಫೆಲ್ಟ್ ಸೇರಿ ಬರೆದ ಡಿಕುಮಡ್ 1991ರಲ್ಲಿ ಹೊರಬಂತು. ಟೈನಿಮಡ್‌ನಂತೆ ಹರಟೆಯ ಊರಲ್ಲ ಇದು. ಕಾದಾಡುವ, ಹಂತ ಏರುವ ಆಟ. ಡೌನ್‌ಲೋಡ್ ಮಾಡಿ, ಕಂಪೈಲ್ ಮಾಡಿ, ಓಡಿಸಿದರೆ ಒಂದು ಇಡೀ ಲೋಕ ಸಿದ್ಧ. ಅದರಿಂದ ಮರ್ಕ್, ಸರ್ಕಲ್, ರಾಮ್ ಎಂಬ ಮಕ್ಕಳು, ಅವಕ್ಕೆ ಮತ್ತೆ ಮಕ್ಕಳು.

ಐವರು ಕೋಡಿಗೆ ಬೆಲೆ ಕೇಳಲಿಲ್ಲ. ಆದರೆ ಪರವಾನಗಿಯಲ್ಲಿ ಮುಖ್ಯವಾಗಿ ಮೂರು ಷರತ್ತು ಇಟ್ಟರು. ಇದರಿಂದ ಯಾವ ರೀತಿಯಲ್ಲೂ ಲಾಭ ಮಾಡಿಕೊಳ್ಳಬಾರದು. ಲಾಗಿನ್ ಆಗುವಾಗ ನಮ್ಮ ಐವರ ಹೆಸರು ಕಾಣಬೇಕು. ಮಡ್ ನಡೆಸುವುದಾದರೆ ನಮಗೊಂದು ಮಾತು ತಿಳಿಸಬೇಕು. ವಕೀಲರ ಸಹಾಯವಿಲ್ಲದೆ ವಿದ್ಯಾರ್ಥಿಗಳು ಬರೆದ ಆ ನಾಲ್ಕು ಸಾಲು ಮುಂದೆ ನೂರಾರು ಮಡ್‌ಗಳ ಸಂವಿಧಾನವಾಯಿತು. ಮರ್ಕ್ ಮಾಡಿದವರು ತಮ್ಮ ಷರತ್ತನ್ನು ಡಿಕುವಿನದರ ಮೇಲೆ ಸೇರಿಸಿದರು, ರಾಮ್ ಮಾಡಿದವರು ಅದರ ಮೇಲೆ ತಮ್ಮದನ್ನು. ಆಟ ತೆರೆದಾಗ ಕಾಣುವ ಹೆಸರುಗಳ ಆ ಪಟ್ಟಿ ನಮ್ಮಲ್ಲಿ ಪೂಜೆಯ ಹೊತ್ತಿಗೆ ಹೇಳುವ ಪ್ರವರದ ಹಾಗೆ. ಈ ಕೋಡು ಯಾರಿಂದ ಯಾರಿಗೆ ಬಂತು ಎಂಬುದನ್ನು ಪ್ರತಿ ಬಾರಿಯೂ ನೆನೆಯಲೇಬೇಕು.

ಕೋಡಿನ ಮೇಲೆ ಕೂತದ್ದು ಲೋಕ. ಅದನ್ನು ಕಟ್ಟುತ್ತಿದ್ದವರು ಬಿಲ್ಡರ್‌ಗಳು. ಒಂದು ಕಾಡು, ಒಂದು ಕೋಟೆ, ಅದರ ಕಾವಲುಗಾರರು, ಅವರು ಆಡುವ ಮಾತು, ಇಷ್ಟನ್ನೂ ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಅದು ಒಂದು ಏರಿಯಾ. ಮರ್ಕ್ ಕುಟುಂಬದ ಆಟಗಳಲ್ಲಿ ಏರಿಯಾಗಳ ಪಟ್ಟಿ ಕೇಳಿದರೆ ಪ್ರತಿಯೊಂದರ ಎದುರು ಬರೆದವರ ಹೆಸರು ಬರುತ್ತದೆ. ಬಿಲ್ಡರ್‌ಗೆ ಸಿಗುತ್ತಿದ್ದ ಸಂಭಾವನೆ ಅಷ್ಟೇ, ಒಂದು ಹೆಸರು. ಅದಕ್ಕೇ ಮಡ್‌ಗಳ ದೊಡ್ಡ ಜಗಳಗಳೆಲ್ಲ ಹೆಸರಿನ ಸುತ್ತ. ಮುನಿಸಿಕೊಂಡು ಹೊರಟ ಬಿಲ್ಡರ್ ತನ್ನ ಏರಿಯಾ ವಾಪಸು ಕೇಳುತ್ತಾನೆ. ಕೊಟ್ಟದ್ದು ಕೊಟ್ಟಾಯಿತು ಎನ್ನುತ್ತಾನೆ ಸರ್ವರ್ ನಡೆಸುವವನು. ಬರಹದಲ್ಲಿ ಯಾವ ಕರಾರೂ ಇಲ್ಲ. ಐವರ ಹೆಸರನ್ನೇ ಅಳಿಸಿ ದುಡ್ಡು ಮಾಡುತ್ತಿದ್ದಾರೆಂಬ ಆರೋಪ ಹೊತ್ತ ಮಡ್‌ಗಳೂ ಇದ್ದವು. ಡೆನ್ಮಾರ್ಕಿನ ವಿದ್ಯಾರ್ಥಿಗಳು ಸಾಗರದಾಚೆ ಕೇಸು ಹಾಕುವ ಸ್ಥಿತಿಯಲ್ಲಿರಲಿಲ್ಲ. ಮಡ್ ಆಡುವ ಜನರೇ ಅಂಥವನ್ನು ತಮ್ಮ ಪಟ್ಟಿಗಳಿಂದ ಹೊರಗಿಟ್ಟು ಬಹಿಷ್ಕಾರ ಹಾಕುತ್ತಿದ್ದರು. ಷರತ್ತನ್ನು ಕಾದದ್ದು ಕೋರ್ಟಲ್ಲ, ಕುಲದ ಮರ್ಯಾದೆ.

ಆ ಮರ್ಯಾದೆಯ ತೂಕ ಎಷ್ಟಿತ್ತು ಎಂಬುದಕ್ಕೆ ಒಂದು ನಿದರ್ಶನ. 1999ರಲ್ಲಿ ಬಂದ ಎವರ್‌ಕ್ವೆಸ್ಟ್ ದುಡ್ಡು ಕೊಟ್ಟು ಆಡುವ ದೊಡ್ಡ ವ್ಯಾಪಾರಿ ಆಟ. ಅದು ಡಿಕುಮಡ್‌ನಂತೆಯೇ ಇದೆ, ಕೋಡನ್ನೇ ಎತ್ತಿರಬಹುದು ಎಂಬ ಗುಸುಗುಸು ಹಬ್ಬಿತು. 2000ದಲ್ಲಿ ಎವರ್‌ಕ್ವೆಸ್ಟ್ ತಯಾರಕರು, ನಮ್ಮ ಆಟದಲ್ಲಿ ಡಿಕುವಿನ ಕೋಡು ಇಲ್ಲ ಎಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಡಿಕು ತಂಡ ಅದನ್ನು ಒಪ್ಪಿಕೊಂಡಿತು. ಒಂದು ಕಂಪನಿ ಪುಕ್ಕಟೆ ಆಟ ಬರೆದ ಹುಡುಗರಿಗೆ ಪ್ರಮಾಣ ಮಾಡಿ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಕೋಡು ಕದಿಯದೆಯೂ ಕಲ್ಪನೆಯನ್ನು ಎತ್ತಿಕೊಳ್ಳಬಹುದಿತ್ತು. ಹಂತ, ಕೊಳ್ಳೆ, ಗುಂಪುಕಟ್ಟಿ ಬೇಟೆಯಾಡುವ ರೂಢಿ ಎಲ್ಲವೂ ಮಡ್‌ಗಳಲ್ಲಿ ಹದಗೊಂಡವು. ಅವುಗಳ ಮೇಲೆ ಯಾರಿಗೂ ಹಕ್ಕುಪತ್ರವಿಲ್ಲ.

ಸಂಬಳದ ಪ್ರಶ್ನೆ

ವ್ಯಾಪಾರ ಒಳಬಂದ ಮೇಲೆ ಸ್ವಯಂಸೇವೆಯ ಅರ್ಥವೇ ಬದಲಾಯಿತು. ಗಂಟೆ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ ಅಮೆರಿಕ ಆನ್‌ಲೈನ್ ಕಂಪನಿ ತನ್ನ ಹರಟೆಕೋಣೆಗಳನ್ನೂ ಆಟಗಳನ್ನೂ ನೋಡಿಕೊಳ್ಳಲು ಸಾವಿರಾರು ಸ್ವಯಂಸೇವಕರನ್ನು ಇಟ್ಟುಕೊಂಡಿತ್ತು. ಅವರಿಗೆ ಸಿಗುತ್ತಿದ್ದುದು ಉಚಿತ ಖಾತೆ. ತರಬೇತಿ, ಪಾಳಿ, ವರದಿ ಎಲ್ಲವೂ ನೌಕರಿಯ ಹಾಗೆಯೇ. 1999ರಲ್ಲಿ ಕೆಲವರು, ಇದು ಸೇವೆಯಲ್ಲ, ಕೂಲಿಯಿಲ್ಲದ ಕೆಲಸ ಎಂದು ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿದರು. ಮರುವರ್ಷ ಅಲ್ಟಿಮಾ ಆನ್‌ಲೈನ್ ಆಟದ ಮಾಜಿ ಸ್ವಯಂಸೇವಕರೂ ಅದೇ ದಾರಿ ಹಿಡಿದರು. ಅಮೆರಿಕ ಆನ್‌ಲೈನ್ ಪ್ರಕರಣ ಹತ್ತು ವರ್ಷಕ್ಕೂ ಮಿಕ್ಕಿ ಎಳೆದು 2010ರಲ್ಲಿ 1.5 ಕೋಟಿ ಡಾಲರಿಗೆ ರಾಜಿಯಾಯಿತು.

ಈ ಮೊಕದ್ದಮೆಗಳಿಂದ ಕಂಪನಿಗಳು ಕಲಿತ ಪಾಠ ಸ್ವಯಂಸೇವಕರಿಗೆ ಪಾಲು ಕೊಡಬೇಕು ಎಂಬುದಲ್ಲ. ಸ್ವಯಂಸೇವಕರನ್ನು ನೌಕರರಂತೆ ಕಾಣಿಸದಷ್ಟು ದೂರ ಇಡಬೇಕು ಎಂಬುದು. ಆಟಗಾರರ ಕೊಡುಗೆ ನಿಲ್ಲಲಿಲ್ಲ. ಕಂಪನಿಯ ಬಾಗಿಲಿನ ಆಚೆಗೆ, ಮಾಡ್ ಮತ್ತು ಮ್ಯಾಪ್‌ಗಳ ಜಗಲಿಗೆ ಹೋಯಿತು.

ನಮ್ಮಲ್ಲಿ ಬಹಳ ಜನಕ್ಕೆ ಪರಿಚಯವಿರುವುದು ಈ ಜಗಲಿಯೇ. 2000ದ ದಶಕದಲ್ಲಿ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲುಗಳಲ್ಲಿ ಲ್ಯಾನ್ ಮೇಲೆ ರಾತ್ರಿಯಿಡೀ ಆಡಿದ ಎರಡು ಆಟಗಳು ಕೌಂಟರ್ ಸ್ಟ್ರೈಕ್ ಮತ್ತು ಡೋಟಾ. ಎರಡೂ ಯಾವ ಕಂಪನಿಯ ಕಾರ್ಖಾನೆಯಲ್ಲೂ ಹುಟ್ಟಿದವಲ್ಲ. ಮೊದಲನೆಯದು ಹಾಫ್-ಲೈಫ್ ಆಟದ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ 1999ರಲ್ಲಿ ಕಟ್ಟಿದ ಮಾಡ್. ಮರುವರ್ಷವೇ ವಾಲ್ವ್ ಕಂಪನಿ ಹಕ್ಕು ಕೊಂಡು ಇಬ್ಬರಿಗೂ ಕೆಲಸ ಕೊಟ್ಟಿತು. ಎರಡನೆಯದರ ಕತೆ ಅಷ್ಟು ನೇರವಲ್ಲ.

ಡೋಟಾ ಎಂಬುದು ವಾರ್‌ಕ್ರಾಫ್ಟ್ 3 ಆಟದ ಒಂದು ಮ್ಯಾಪ್. 2003ರಲ್ಲಿ ಅದನ್ನು ಮಾಡಿದವನು ಯೂಲ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆಟಗಾರ. ತಾನು ಕೈಬಿಡುವಾಗ ಆತ, ಯಾರು ಬೇಕಾದರೂ ನನ್ನ ಅನುಮತಿ ಕೇಳದೆ ಮುಂದುವರಿಸಿ, ಹೆಸರೊಂದು ನೆನೆದರೆ ಸಾಕು ಎಂಬರ್ಥದಲ್ಲಿ ಹೇಳಿಬಿಟ್ಟ. ಹಲವರು ಮುಂದುವರಿಸಿದರು. ಬೇರೆ ಬೇರೆಯವರ ನಾಯಕಪಾತ್ರಗಳನ್ನು ಒಂದೆಡೆ ಕೂಡಿಸಿದ ಆವೃತ್ತಿ ಗೆದ್ದಿತು, ಅದು ಗಿನ್ಸೂ ಕೈಗೆ ಬಂತು, ಆತನಿಂದ ಐಸ್‌ಫ್ರಾಗ್ ಕೈಗೆ. ಆಟಗಾರರು ಕೊಟ್ಟ ಸಲಹೆ, ಚಿತ್ರ, ಹೆಸರುಗಳಿಗೆ ಲೆಕ್ಕವಿಲ್ಲ.

ಆಮೇಲೆ ಹಣ ಕಾಣಿಸಿತು. ಗಿನ್ಸೂ ರಯಟ್ ಕಂಪನಿ ಸೇರಿದ, ಐಸ್‌ಫ್ರಾಗ್ ವಾಲ್ವ್ ಸೇರಿದ. ವಾಲ್ವ್ ಡೋಟಾ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಾಗ ವಾರ್‌ಕ್ರಾಫ್ಟ್‌ನ ಒಡೆಯ ಬ್ಲಿಜರ್ಡ್ ತಕರಾರು ತೆಗೆಯಿತು. 2012ರ ಮೇ ತಿಂಗಳಲ್ಲಿ ಎರಡು ಕಂಪನಿಗಳೂ ರಾಜಿಯಾದವು: ವ್ಯಾಪಾರಕ್ಕೆ ಹೆಸರು ವಾಲ್ವ್‌ಗೆ, ಲಾಭವಿಲ್ಲದ ಬಳಕೆಗೆ ಬ್ಲಿಜರ್ಡ್‌ಗೆ. ಆ ಒಪ್ಪಂದದ ಮೇಜಿನ ಸುತ್ತ ಆ ಲೋಕವನ್ನು ಕಟ್ಟಿದ ನೂರಾರು ಆಟಗಾರರಿಗೆ ಕುರ್ಚಿ ಇರಲಿಲ್ಲ. ಮುಂದೆ ಬೇರೊಂದು ಕಂಪನಿಯ ಮೇಲೆ ನಕಲಿನ ಮೊಕದ್ದಮೆ ಹೂಡಿದಾಗ, ಡೋಟಾ ಹಲವರು ಸೇರಿ ಮಾಡಿದ್ದು, ಅದರ ಹಕ್ಕು ನಿಮಗೆಲ್ಲಿಂದ ಬಂತು ಎಂದು ಎದುರುಪಕ್ಷ ಕೇಳಿತು. 2017ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶರು, ಇದು ಒಂದೇಟಿಗೆ ತೀರ್ಮಾನಿಸುವಂಥದ್ದಲ್ಲ, ಜ್ಯೂರಿಯೇ ನೋಡಬೇಕು ಎಂದರು. 'ಯಾರು ಬೇಕಾದರೂ ಮುಂದುವರಿಸಿ' ಎಂದು ಒಬ್ಬ ಆಟಗಾರ ಉದಾರವಾಗಿ ಆಡಿದ ಮಾತನ್ನು ಹದಿಮೂರು ವರ್ಷದ ಮೇಲೆ ವಕೀಲರು ಪದ ಪದ ಬಿಡಿಸಿ ನೋಡುವಂತಾಯಿತು. 2020ರಲ್ಲಿ ವಾರ್‌ಕ್ರಾಫ್ಟ್ 3ರ ಹೊಸ ಆವೃತ್ತಿ ತಂದಾಗ ಬ್ಲಿಜರ್ಡ್ ಮತ್ತೆ ಅನುಮಾನಕ್ಕೆ ಎಡೆ ಬಿಡಲಿಲ್ಲ: ಇದರಲ್ಲಿ ನೀವು ಕಟ್ಟುವ ಆಟವೆಲ್ಲ ನಮ್ಮ ಸ್ವತ್ತು ಎಂದು ನಿಯಮದಲ್ಲೇ ಬರೆಯಿತು.

ಬುಕಿಟ್ಟಿನ ಬೀಗ

ಈಗ ಮೊದಲಿನ ಕತೆಗೆ. 2010ರ ಕೊನೆಯ ಹೊತ್ತಿಗೆ ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರಿಗೆ ಕಂಪನಿ ಕೊಟ್ಟದ್ದು ತೀರಾ ಕಡಿಮೆ. ಪುಂಡರನ್ನು ತಡೆಯಲು, ಜಮೀನಿಗೆ ಬೇಲಿ ಹಾಕಲು, ಅಂಗಡಿ ಇಡಲು ಏನೂ ಇರಲಿಲ್ಲ. ಆ ಕೊರತೆ ತುಂಬಿದ್ದು ಬುಕಿಟ್. ಅದರ ಒಂದು ಭಾಗ ಪ್ಲಗಿನ್ ಬರೆಯುವವರಿಗೆ ಬೇಕಾದ ಚೌಕಟ್ಟು, ಇನ್ನೊಂದು ಭಾಗ ಕ್ರಾಫ್ಟ್‌ಬುಕಿಟ್ ಎಂಬ ಸರ್ವರ್. ಸರ್ವರಿನೊಳಗೆ ಮೊಜಾಂಗ್ ಕಂಪನಿಯ ಕೋಡನ್ನು ಬಿಡಿಸಿ ಸೇರಿಸಲಾಗಿತ್ತು. ಸ್ವಯಂಸೇವಕರ ಕೋಡಿಗೆ ಜಿಪಿಎಲ್ ಕುಟುಂಬದ ಪರವಾನಗಿ. ಡಿಕುವಿನ ಐವರು 'ಲಾಭ ಮಾಡಬೇಡಿ' ಎಂದಿದ್ದರೆ, ಜಿಪಿಎಲ್ ಹೇಳುವುದು 'ಲಾಭ ಮಾಡಿ, ಆದರೆ ಹಂಚುವಾಗ ಮೂಲಕೋಡನ್ನೂ ಅದೇ ಹಕ್ಕುಗಳೊಡನೆ ಕೊಡಿ' ಎಂದು. ಮೊಜಾಂಗ್ ತನ್ನ ಕೋಡನ್ನು ಹಾಗೆ ಕೊಟ್ಟಿರಲಿಲ್ಲ. ಈ ಬಿರುಕು ಎಲ್ಲರಿಗೂ ಗೊತ್ತಿತ್ತು. ಕೆಲಸ ನಡೆಯುತ್ತಿದ್ದರಿಂದ ಯಾರೂ ಕೆದಕಲಿಲ್ಲ.

2012ರಲ್ಲಿ ಮೊಜಾಂಗ್ ಬುಕಿಟ್ಟಿನ ಮುಖ್ಯಸ್ಥರಿಗೆ ಕೆಲಸ ಕೊಟ್ಟಿತು. ಅದು ನೇಮಕಾತಿ ಎಂದು ಜನ ತಿಳಿದರು. ಯೋಜನೆಯೂ ಕಂಪನಿಯದಾಯಿತು ಎಂಬುದು ಹೊರಗೆ ಗೊತ್ತಾದದ್ದು 2014ರ ಆಗಸ್ಟಿನಲ್ಲಿ. ಕಂಪನಿಯ ಮಾತು ಕೇಳಿದ ಕೊಡುಗೆದಾರರೊಬ್ಬರು ಸೆಪ್ಟೆಂಬರ್ ಮೊದಲ ವಾರದಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಾನೂನಿನ ಅಡಿ ನೋಟಿಸು ಕೊಟ್ಟರು. ನಾನು ಬರೆದ ಕೋಡನ್ನು ಜಿಪಿಎಲ್ ಷರತ್ತಿನ ಮೇಲೆ ಕೊಟ್ಟೆ, ಅದನ್ನು ಮುಚ್ಚಿಟ್ಟ ಕೋಡಿನ ಜೊತೆ ಬೆರೆಸಿ ಹಂಚುವಂತಿಲ್ಲ, ತೆಗೆಯಿರಿ ಎಂದರು. ಕ್ರಾಫ್ಟ್‌ಬುಕಿಟ್ ಮಾತ್ರವಲ್ಲ, ಅದರ ಮೇಲೆ ನಿಂತ ಸ್ಪಿಗಾಟ್‌ನಂಥ ಯೋಜನೆಗಳ ಡೌನ್‌ಲೋಡೂ ನಿಂತಿತು. ಸೆಪ್ಟೆಂಬರ್ 15ರಂದು ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಮೊಜಾಂಗ್ ಕೊಳ್ಳುವುದಾಗಿ ಪ್ರಕಟಿಸಿತು. ಪುಕ್ಕಟೆ ದುಡಿದವರ ಮನಸ್ಸಿನಲ್ಲಿ ಆ ಅಂಕಿ ಹೇಗೆ ಬಿದ್ದಿರಬಹುದು ಎಂದು ವಿವರಿಸಬೇಕಿಲ್ಲ.

ಆ ನೋಟಿಸು ಸರಿಯೋ ತಪ್ಪೋ ಎಂದು ಆಟಗಾರರು ಬಹಳ ಕಾಲ ಕಚ್ಚಾಡಿದರು. ಒಬ್ಬನ ಸಿಟ್ಟಿಗೆ ಎಲ್ಲರ ಆಟ ಬಲಿಯಾಯಿತು ಎಂದವರು ಕೆಲವರು. ಹಲವರ ಹಕ್ಕಿಗೆ ಒಬ್ಬನಾದರೂ ನಿಂತ ಎಂದವರು ಕೆಲವರು. ಎರಡರಲ್ಲೂ ನಿಜವಿದೆ. ಮಡ್ ಕಾಲದ ಬಿಲ್ಡರ್‌ಗೆ ಇಲ್ಲದಿದ್ದ ಒಂದು ಅಸ್ತ್ರ ಈತನಿಗಿತ್ತು, ಬರಹದಲ್ಲಿದ್ದ ಪರವಾನಗಿ. ಆದರೆ ಆ ಅಸ್ತ್ರಕ್ಕೆ ನಿಲ್ಲಿಸುವ ಶಕ್ತಿ ಮಾತ್ರ ಇತ್ತು, ನಡೆಸುವ ಶಕ್ತಿ ಇರಲಿಲ್ಲ. ಮುಂದಿನ ದಾರಿಯನ್ನು ಸ್ಪಿಗಾಟ್ ಹುಡುಕಿತು. ಬೆರೆಸಿದ ಸರ್ವರನ್ನು ತಾನು ಹಂಚುವುದಿಲ್ಲ. ತನ್ನ ಬದಲಾವಣೆಗಳನ್ನಷ್ಟೇ ಕೊಡುತ್ತದೆ, ಸರ್ವರ್ ಬೇಕಾದವರು ಒಂದು ಸಲಕರಣೆ ಓಡಿಸಿ ತಮ್ಮ ಮನೆಯ ಕಂಪ್ಯೂಟರಿನಲ್ಲೇ ಕೂಡಿಸಿಕೊಳ್ಳಬೇಕು. ಅಡುಗೆ ಬಡಿಸಿದರೆ ತಾನೆ ತಕರಾರು, ಪಾಕವಿಧಾನವಷ್ಟೇ ತಗೊಳ್ಳಿ ಎಂಬ ಹಾಗೆ.

ಉಳಿದದ್ದು ಯಾಕೆ ಉಳಿಯಿತು

ಈ ನಲವತ್ತು ವರ್ಷದ ಲೆಕ್ಕದಲ್ಲಿ ಅಳಿದ ಲೋಕಗಳೇ ಹೆಚ್ಚು. ಉಳಿದವನ್ನು ನೋಡಿದರೆ ಕೆಲವು ಗುಣ ಕಾಣುತ್ತವೆ. ಒಂದು, ಅದರ ನಕಲು ಒಂದಕ್ಕಿಂತ ಹೆಚ್ಚು ಕೈಯಲ್ಲಿತ್ತು; ಒಬ್ಬನ ಯಂತ್ರ ಕೆಟ್ಟರೆ, ಒಬ್ಬನ ತಲೆ ಕೆಟ್ಟರೆ, ಇನ್ನೊಬ್ಬ ಎದ್ದು ನಿಲ್ಲಿಸಬಹುದಿತ್ತು. ಎರಡು, ಕೊಟ್ಟವರ ಹೆಸರು ದಾಖಲಾಗಿ ಉಳಿಯುತ್ತಿತ್ತು. ಮೂರು, ಕೊಡುವಾಗಲೇ ಯಾವ ಷರತ್ತಿನ ಮೇಲೆ ಎಂದು ಬರೆದಿತ್ತು. ಡಿಕುಮಡ್‌ಗೆ ಮೂರೂ ಇದ್ದವು. ಅದರ ಸಂತತಿ ಇಂದಿಗೂ ಓಡುತ್ತಿದೆ. ಗ್ರಾಫಿಕ್ಸ್ ಆಟಗಳು ಆಡಲಾಗದ ದೃಷ್ಟಿಹೀನರು ಸ್ಕ್ರೀನ್ ರೀಡರ್ ಹಾಕಿಕೊಂಡು ಆಡುವ ಲೋಕಗಳಲ್ಲಿ ಮಡ್‌ಗಳು ಮುಖ್ಯವಾದವು. ಅಂಥವರಿಗೆ ಒಂದು ಮಡ್ ಮುಚ್ಚುವುದೆಂದರೆ ಹಳೆಯ ಆಟವೊಂದು ನಿಂತಂತಲ್ಲ, ಗೆಳೆಯರ ಕಟ್ಟೆಯೇ ಹೋದಂತೆ.

ಊರು ಬಿಟ್ಟು ಬಂದ ನಮಗೆ ಸ್ವಯಂಸೇವೆಯ ಸಂಸ್ಥೆ ಹೊಸದಲ್ಲ. ಹೊರನಾಡಿನಲ್ಲಿ ಕನ್ನಡ ಸಂಘ ಕಟ್ಟಿದ ಹಿರಿಯರು ನೋಂದಣಿ ಮಾಡಿಸಿದರು, ಬೈಲಾ ಬರೆದರು, ಖಜಾಂಚಿಯನ್ನು ಆರಿಸಿದರು, ವರ್ಷಕ್ಕೊಮ್ಮೆ ಮಹಾಸಭೆ ಕರೆದು ಲೆಕ್ಕ ಒಪ್ಪಿಸಿದರು. ಆ ಸಭೆಗಳ ಜಗಳ ನೋಡಿ ನಕ್ಕವರು ನಾವು. ಆದರೆ ಅಧ್ಯಕ್ಷರು ಮುನಿಸಿಕೊಂಡರೂ ಸಭಾಭವನ ಅವರ ಜೊತೆ ಮನೆಗೆ ಹೋಗುವುದಿಲ್ಲ ಎಂಬ ಭದ್ರತೆ ಬಂದದ್ದು ಆ ಬೇಸರದ ಕಾಗದಗಳಿಂದಲೇ. ನಮ್ಮ ತಲೆಮಾರು ಕಟ್ಟುತ್ತಿರುವುದು ಗ್ರೂಪು, ಸರ್ವರ್, ಇ-ಪತ್ರಿಕೆಗಳನ್ನು. ಉತ್ಸಾಹ ಹಿರಿಯರಷ್ಟೇ ಇದೆ, ಕಾಗದ ಇಲ್ಲ. ಡೊಮೇನ್ ಯಾರ ಹೆಸರಿನಲ್ಲಿದೆ, ಪಾಸ್‌ವರ್ಡ್ ಎಷ್ಟು ಜನರ ಬಳಿ ಇದೆ, ಬರೆದವರ ಬರಹದ ಹಕ್ಕು ಯಾರದು, ನಡೆಸುವವರು ಕೈಬಿಟ್ಟರೆ ಹಳೆಯ ಸಂಚಿಕೆಗಳು ಯಾರಿಗೆ ಸೇರುತ್ತವೆ? ಈ ಪತ್ರಿಕೆಯೂ ಸೇರಿದಂತೆ, ಸಂಬಳವಿಲ್ಲದ ಕೈಗಳು ನಡೆಸುವ ಯಾವುದೇ ಕೆಲಸಕ್ಕೂ ಕೇಳಬೇಕಾದ ಪ್ರಶ್ನೆಗಳಿವು. ಜಗಳ ಶುರುವಾದ ಮೇಲೆ ಕೇಳಿದರೆ ಉತ್ತರ ವಕೀಲರಿಂದ ಬರುತ್ತದೆ. ಎಲ್ಲರೂ ಚೆನ್ನಾಗಿ ಮಾತಾಡಿಕೊಂಡಿರುವ ಯಾವುದಾದರೂ ಒಂದು ಭಾನುವಾರ ಕೂತು ಅರ್ಧ ಪುಟ ಬರೆದಿಟ್ಟರೆ ಸಾಕು.